ಕಾರಣ: ಸ್ವಂತ ಕೆಲಸ

ಕೊಯಮತ್ತೂರಿನ ಆಫೀಸಿನಲ್ಲಿ ಕೂತು ಪಲ್ಲಡಂ, ತಿರುಪ್ಪೂರು, ಸಿರುಮುಗೈ ಎಂದು ಚದುರಿಹೋಗಿದ್ದ ಕಂಪೆನಿಯ ಕಂಪ್ಯೂಟರುಗಳನ್ನೆಲ್ಲ ನೋಡಿಕೊಳ್ಳುವುದು ಜಯಪ್ರಿಯಾಳ ಕೆಲಸ. ಕುರ್ಚಿ ಬಿಟ್ಟು ಏಳಬೇಕಾಗಿರಲಿಲ್ಲ. ಯಾವ ಊರಿನ ಯಾವ ಮೇಜಿನ ಮೇಲಿನ ಯಂತ್ರವಾದರೂ ಅವಳ ಪರದೆಯ ಮೇಲೆ ತೆರೆದುಕೊಳ್ಳುತ್ತಿತ್ತು. ಸಿರುಮುಗೈಯ ಡಿಸೈನ್ ಕೋಣೆಯಲ್ಲಿದ್ದದ್ದು ಅವಳ ಒಡಹುಟ್ಟಿದ ಅಣ್ಣ ಅಯ್ಯಾಸಾಮಿ. ಮಗ್ಗದ ಗುಂಡಿಯಲ್ಲಿ ಕಾಲಿಟ್ಟು ಬೆಳೆದ ಮನುಷ್ಯ, ಈಗ ಕಂಪ್ಯೂಟರಿನಲ್ಲಿ ರೇಷ್ಮೆ ಸೀರೆಗಳಿಗೆ ಅಂಚು, ಸೆರಗು ಬರೆಯುತ್ತಿದ್ದ.

ಪಲ್ಲಡಂನಲ್ಲಿ ಯಾರೋ ಪುಕ್ಕಟೆ ಸಿಕ್ಕಿತೆಂದು ಏನನ್ನೋ ಹಾಕಿಕೊಂಡು, ವೈರಸ್ ಹೊಕ್ಕು, ಬಿಲ್ಲಿಂಗೇ ನಿಂತುಹೋಯಿತು. ಮ್ಯಾನೇಜರ್ ಪ್ರೇಮ್ ಕುಮಾರ್ ಕಟ್ಟುನಿಟ್ಟಾಗಿ ಹೇಳಿದ: ಇನ್ನು ಮೇಲೆ ಯಾರ ಯಂತ್ರಕ್ಕೂ ಅವರೇ ಯಜಮಾನರಲ್ಲ. ಹೊಸ ಸಾಫ್ಟ್‌ವೇರ್ ಬೇಕಿರಲಿ, ಪೆನ್ ಡ್ರೈವ್ ಹಾಕಬೇಕಿರಲಿ, ಕಾರಣ ಬರೆದು ಕೇಳಬೇಕು. ಜಯಪ್ರಿಯಾ ಇಲ್ಲಿಂದ ಬಿಡಬೇಕು, ಇಲ್ಲವೇ ತಡೆಯಬೇಕು. ಪೆನ್ ಡ್ರೈವನ್ನು ಅವಳು ಎಲ್ಲ ಕಡೆ ಒಂದೇ ಸಲಕ್ಕೆ ತಡೆದಳು, ಖಾತೆಗಳನ್ನು ಬದಲಿಸುತ್ತ ಒಂದೊಂದೇ ಊರು ಮುಗಿಸುತ್ತ ಬಂದಳು.

"ಸಿರುಮುಗೈ ಮಾತ್ರ ಬಾಕಿ ಇದೆಯಲ್ಲ ಮೇಡಂ, ತವರುಮನೆ ಅಂತ ರಿಯಾಯಿತಿಯಾ?" ಎಂದು ಪ್ರೇಮ್ ಕುಮಾರ್ ಅವಳ ಮೇಜಿನ ಪಕ್ಕ ನಿಂತು ನಗುತ್ತಿದ್ದಾಗಲೇ ಅಣ್ಣನ ಫೋನು ಬಂತು.

"ಅಮ್ಮಿಣಿ, ಪೆನ್ ಡ್ರೈವ್ ಹಾಕಿದ್ರೆ ಒಪ್ಪಕ್ಕಿಲ್ಲ ಅಂತೈತೆ. ಒಂದ್ಸಲ ಬಿಟ್ಬಿಡು ತಾಯಿ. ಕಂಪ್ಯೂಟರ್ ಒಳಗೆ ನಂದೊಂದು ಕೆಲ್ಸ ಐತೆ, ಹೊರಗೆ ತಕೋಬೇಕು."

ಅಮ್ಮಿಣಿ ಎಂದು ಮುದ್ದಿನಿಂದ ಕರೆದು ಅಣ್ಣ ಕೇಳಿದ್ದು ಮನೆಯ ಕನ್ನಡದಲ್ಲಿ. ಅವಳು ಉತ್ತರ ಕೊಟ್ಟದ್ದು ಆಫೀಸಿನ ತಮಿಳಿನಲ್ಲಿ. ಏನು ಕೆಲಸ ಎಂದು ಕೇಳಿದಳು.

"ಅದು ಈಗ ಹೇಳೋ ಮಾತಲ್ಲ ಅಮ್ಮಿಣಿ."

ಪ್ರೇಮ್ ಕುಮಾರನ ಕಿವಿ ಇತ್ತಲೇ ಇತ್ತು. "ಎಲ್ಲಾರುಕ್ಕುಂ ಒರೇ ರೂಲ್ ದಾನ್ ಸಾರ್," ಅಂದಳು. ಎಲ್ಲರಿಗೂ ಒಂದೇ ನಿಯಮ. ಅಣ್ಣನನ್ನೇ ‘ಸಾರ್’ ಅಂದಿದ್ದಳು. ಅವನು ಫೋನಿಟ್ಟ.

ಸ್ವಲ್ಪ ಹೊತ್ತಿಗೆ ಅವನ ಯಂತ್ರದಿಂದ ಕೋರಿಕೆ ಬಂತು. ಸಿನಿಮಾ ಹಾಡು ಇಳಿಸಿಕೊಳ್ಳುವವರೂ ಕಾರಣದ ಜಾಗದಲ್ಲಿ ‘ಕಂಪೆನಿ ಕೆಲಸ’ ಎಂದೇ ಬರೆಯುತ್ತಿದ್ದರು. ಅಯ್ಯಾಸಾಮಿ ಬರೆದದ್ದು, ‘ಸ್ವಂತ ಕೆಲಸ’.

ಇಷ್ಟೂ ಗೊತ್ತಾಗುವುದಿಲ್ಲವೇ ಈ ಮನುಷ್ಯನಿಗೆ ಎಂದುಕೊಂಡು ಅವಳು ತಡೆದಳು. ಅವನ ಹಳೆಯ ಖಾತೆ ತೆಗೆದು, ಯಾವ ಅಧಿಕಾರವೂ ಇಲ್ಲದ ಹೊಸ ಖಾತೆ ಮಾಡಿಕೊಟ್ಟಳು. ಹಳೆಯ ಖಾತೆಯ ಫೈಲುಗಳನ್ನು ಇಟ್ಟುಕೊಳ್ಳಲೋ, ಅಳಿಸಲೋ ಎಂದು ಯಂತ್ರ ಕೇಳಿತು. ಕಂಪೆನಿಯ ಡಿಸೈನುಗಳೆಲ್ಲ ಕಂಪೆನಿಯ ಫೋಲ್ಡರಿನಲ್ಲಿ ಬೇರೆಯಾಗಿ ಭದ್ರವಾಗಿದ್ದವು. ಇನ್ನೇನಿರುತ್ತದೆ? ತೆರೆದು ನೋಡಲು ಒಂದು ಗಳಿಗೆ ಸಾಕಿತ್ತು. ನೋಡಲಿಲ್ಲ. ಅಳಿಸು ಎಂದಳು.

ಕೆಲವು ವಾರಗಳಿಗೆ ಅವಳ ಮಗಳು ಇಲಕ್ಕಿಯಾ ದೊಡ್ಡವಳಾದಳು. ಹುಡುಗಿಗೆ ನೀರೆರೆದು ಕೂರಿಸುವ ದಿನ ಮೊದಲ ಸೀರೆ ಸೋದರಮಾವನದೇ ಆಗಬೇಕು. ಪೆರಿಯನಾಯಕನಪಾಳ್ಯಂನ ಅವಳ ಮನೆಗೆ ಅಯ್ಯಾಸಾಮಿ ತಟ್ಟೆ ಹೊತ್ತು ಬಂದ. ದೊಡ್ಡಮ್ಮ ಜಾನಕಿಯಮ್ಮ ತಡೆಯಲಾರದೆ ಎಲ್ಲರೆದುರು ಸೀರೆ ಬಿಡಿಸಿಯೇಬಿಟ್ಟಳು. ಹಾಗಲಕಾಯಿ ಹೂವಿನ ಹಳದಿ. ಅಂಚು ಸೊಗಸಾಗಿತ್ತು. ಸೆರಗು ಮಾತ್ರ ಬರೀ ಬಟ್ಟೆ.

"ಏನಪ್ಪ, ಊರಿಗೆಲ್ಲ ಸೆರಗು ಬರ್ಕೊಡ್ತೀಯ, ಸೊಸೆಗೆ ಮಾತ್ರ ನೂಲು ಸಾಲ್ದೇ ಹೋಯ್ತಾ?" ಎಂದಳು ಜಾನಕಿಯಮ್ಮ. ಹೆಂಗಸರು ಕಿಸಕ್ಕೆಂದರು.

ಅಷ್ಟರಲ್ಲಿ ಇಲಕ್ಕಿಯಾ ಕೂಗಿದಳು. "ಅಮ್ಮ, ಇಲ್ನೋಡು, ಮೂಲೇಲಿ ಅಳಿಲು! ಒಂದೇ ಒಂದು!"

ಜರಿಯಲ್ಲಿ ನೇಯ್ದ ಹೆಬ್ಬೆರಳಷ್ಟು ಅಳಿಲು, ಬಾಲ ಮೇಲೆತ್ತಿತ್ತು. ಚಿಕ್ಕಂದಿನಲ್ಲಿ ಸಿರುಮುಗೈಗೆ ಹೋದಾಗಲೆಲ್ಲ ಇಲಕ್ಕಿಯಾ ಮಗ್ಗದ ಮನೆಯ ಹಿತ್ತಲಲ್ಲಿ ಅಳಿಲುಗಳಿಗೆ ಕಡಲೆಕಾಯಿ ಚೆಲ್ಲುತ್ತ ಕೂರುತ್ತಿದ್ದಳು.

"ಒಂದೇ ಯಾಕೆ ಮಾವ?"

"ಬೇಕಾದಷ್ಟಿದ್ವು ಕಣಮ್ಮ," ಎಂದ ಅಯ್ಯಾಸಾಮಿ. "ಮಿಕ್ಕವು ಓಡೋದ್ವು."

ಎಲ್ಲರೂ ನಕ್ಕರು. ಜಯಪ್ರಿಯಾಳಿಗೆ ತಾನು ಅಳಿಸಿದ ಹಳೆಯ ಖಾತೆ ನೆನಪಾಯಿತು.

ಎಲೆ ಹಾಕುವ ಗದ್ದಲದಲ್ಲಿ ಅಣ್ಣನನ್ನು ಅಡುಗೆಮನೆಯ ಹಿಂದಕ್ಕೆ ಕರೆದಳು. "ಅಣ್ಣ, ಆ ಸೆರಗು ಹಳೇ ಖಾತೇಲಿತ್ತಾ?"

"ಊಟದ ಹೊತ್ನಲ್ಲಿ ಬರೀತಿದ್ದೆ. ನಮ್ಮದನ್ನ ಕಂಪೆನಿ ಫೋಲ್ಡರ್‌ನಲ್ಲಿ ಇಡ್ಬಾರ್ದಲ್ಲ, ಅದಕ್ಕೆ ಬೇರೆ ಇಟ್ಟಿದ್ದೆ." ಟವೆಲಿನಿಂದ ಕತ್ತು ಒರೆಸಿಕೊಂಡ. "ಮತ್ತೆ ಬರೆಯಕ್ಕೆ ಹೊತ್ತು ಸಿಗ್ಲಿಲ್ಲ. ಒಂದಳಿಲನ್ನ ಮಾತ್ರ ಮಗ್ಗದಲ್ಲಿ ಎಳೆ ಎಣಿಸಿ ಕೈಯಲ್ಲೇ ಎತ್ತಿದೆ."

"ಒಂದ್ಮಾತು ಹೇಳ್ಬಾರ್ದಾಗಿತ್ತಾ?"

"ಹುಡುಗಿ ದೊಡ್ಡೋಳಾಗೋಕೆ ಮುಂಚೆ ಆ ಸೀರೆ ಮಾತು ಯಾರಾದ್ರೂ ಬಾಯಲ್ಲಿ ತರ್ತಾರಾ? ನಿಂಗೊತ್ತಿಲ್ವಾ?"

ಗೊತ್ತಿತ್ತು. ಅಶುಭ ಎಂದು ಅವಳ ತಾಯಿಯೂ ಆಡುತ್ತಿರಲಿಲ್ಲ. ಅದು ಈಗ ಹೇಳೋ ಮಾತಲ್ಲ ಎಂದು ಅಣ್ಣ ಅಂದಾಗ, ಮನೆಯ ಕಿವಿಯಿಂದ ಕೇಳಿದ್ದರೆ ಅವಳಿಗೆ ಆಗಲೇ ಹೊಳೆಯುತ್ತಿತ್ತು.

"ಹೋಗ್ಲಿ ಬಿಡು. ನೀನು ಸಾರ್ ಅಂದ್ಯಲ್ಲ, ಆಮೇಲೆ ಇನ್ನೊಂದ್ಸಲ ಕೇಳಕ್ಕೆ ಬಾಯಿ ಬರ್ಲಿಲ್ಲ," ಎಂದು ಅವನು ಪಂಕ್ತಿಗೆ ನಡೆದ.

ಸೋಮವಾರ ಅವಳು ತನ್ನ ಅಧಿಕಾರವನ್ನೆಲ್ಲ ಬಳಸಿ ಸಿರುಮುಗೈಯ ಯಂತ್ರವನ್ನು ಜಾಲಾಡಿದಳು. ಅಳಿಸಿದ ಜಾಗದ ಮೇಲೆ ಅಷ್ಟರಲ್ಲಿ ಎಷ್ಟೋ ಬೇರೆ ಸೆರಗುಗಳು ಬಂದು ಕೂತಿದ್ದವು. ಒಂದು ಬಾಲದ ತುದಿಯೂ ಸಿಗಲಿಲ್ಲ. ಅವಳು ಹುಡುಕುತ್ತಿದ್ದಂತೆಯೇ ಅದೇ ಯಂತ್ರದಿಂದ ಕೋರಿಕೆ ಬಂತು. ಪೆನ್ ಡ್ರೈವ್ ಹಾಕಲು ಅನುಮತಿ ಬೇಕು.

ಜಯಪ್ರಿಯಾ ಕಾರಣದ ಜಾಗ ನೋಡಿದಳು. ಆ ಹಳೆಯ ಎರಡು ಪದಗಳೇ ಇರಲಿ ಎಂದು ಬೇಡಿಕೊಳ್ಳುತ್ತ ನೋಡಿದಳು.

‘ಕಂಪೆನಿ ಕೆಲಸ’ ಎಂದು ಬರೆದಿದ್ದ ಅಣ್ಣ, ಎಲ್ಲರ ಹಾಗೆ.

ಅವಳು ತಡೆಯಲಿಲ್ಲ, ಬಿಟ್ಟಳು.