ಒಂದೇ ಸಲ ಕೇಳುವ ದೊರೆ

ತೋಟದ ಹಳೆ ಬಿಳಿ ದೊರೆ ಯಾವ ಪ್ರಶ್ನೆಯನ್ನೂ ಎರಡನೇ ಸಲ ಕೇಳಿದವನಲ್ಲ. ಚೆಟ್ಟಳ್ಳಿಯಾಚೆಯ ಆ ಕಾಫಿ ಎಸ್ಟೇಟಿನಲ್ಲಿ ಹಾಜರಿ, ಲೆಕ್ಕ ಬರೆಯುವ ರೈಟರ್ ಆಗಿದ್ದ ಪೂವಯ್ಯನಿಗೆ ಆತ ಸಂಜೆ ಹೊತ್ತು ಯಾರೂ ಬಳಸದ ಒಂದು ಇಂಗ್ಲಿಷ್ ಶಬ್ದ ಕೊಡುತ್ತಿದ್ದ. ಮರುದಿನ ಆಳುಗಳ ಹಾಜರಿ ಮುಗಿದ ಮೇಲೆ, ಬಂಗಲೆಗೆ ಏರುವ ದಾರಿಯಲ್ಲಿ, ಆ ಶಬ್ದವನ್ನು ಒಮ್ಮೆ ಹೇಳಿ ಸುಮ್ಮನಾಗುತ್ತಿದ್ದ. ಪೂವಯ್ಯ ಅರ್ಥ ಹೇಳಿದರೆ ತಲೆಯಾಡಿಸುವುದು, ತಡವರಿಸಿದರೆ ಮುಖ ತಿರುಗಿಸಿ ನಡೆದುಬಿಡುವುದು. ಪೂವಯ್ಯನಿಗೂ ಇದರ ರುಚಿ ಹತ್ತಿತ್ತು. ದಿನಕ್ಕೊಂದು ಶಬ್ದ ಸಿಗದಿದ್ದರೆ ಊಟ ಬಿಟ್ಟ ಹಾಗಾಗುತ್ತಿತ್ತು.

ಒಂದು ಮಳೆಗಾಲದಲ್ಲಿ ದೊರೆ ಜ್ವರ ಬಂದು ತೀರಿಕೊಂಡ. ಬಂಗಲೆ ದಾರಿಯ ತಿರುವಿನಲ್ಲಿ, ಸಿಲ್ವರ್ ಓಕ್ ಮರಗಳ ಕೆಳಗೆ ಮಣ್ಣು ಮಾಡಿದರು. ಆತನ ನಿಘಂಟು ಪೂವಯ್ಯನ ಪಾಲಿಗೆ ಬಂತು.

ಕೊಡಗು ಇನ್ನೂ ತನ್ನದೇ ರಾಜ್ಯವಾಗಿದ್ದ ಕಾಲ ಅದು. ಬಿಳಿಯರು ಒಬ್ಬೊಬ್ಬರಾಗಿ ತೋಟ ಬಿಟ್ಟು ಹೊರಟಿದ್ದರು. ಅಸಿಸ್ಟೆಂಟ್ ಮ್ಯಾನೇಜರ್ ಹುದ್ದೆಯನ್ನು ಮೊದಲ ಬಾರಿಗೆ ಊರಿನವರಿಗೇ ಕೊಡುವುದೆಂದು ಕಂಪನಿ ತೀರ್ಮಾನಿಸಿತು. ಕೊಯ್ಲು ಮುಗಿಯುವ ಮುಂಚೆ ಮದ್ರಾಸಿನಿಂದ ಕಂಪನಿಯ ಏಜೆಂಟ್ ದೊರೆ ಬಂದು, ಇಂಗ್ಲಿಷಿನಲ್ಲಿ ಮಾತಾಡಿಸಿ, ಇಬ್ಬರಲ್ಲಿ ಒಬ್ಬನನ್ನು ಆರಿಸುವುದಿತ್ತು. ಒಬ್ಬ ಪೂವಯ್ಯ, ಇನ್ನೊಬ್ಬ ಕೆಳಗಿನ ಡಿವಿಷನ್ನಿನ ರೈಟರ್ ಕುಟ್ಟಪ್ಪ. ಹುದ್ದೆಯ ಜೊತೆಗೆ ಒಂದು ಜೀಪು ಬರುತ್ತಿತ್ತು. ಪೂವಯ್ಯನ ಆಸೆಯೆಲ್ಲ ಆ ಜೀಪಿನ ಮೇಲೆ. ಹೆಂಡತಿ ಯಮುನ ಬಸುರಿ. ಹಿಂದಿನ ಹೆರಿಗೆಯಲ್ಲಿ ಎತ್ತಿನಗಾಡಿ ಮಡಿಕೇರಿಯ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮಗು ಹೋಗಿತ್ತು.

ಧನುರ್ಮಾಸದ ಒಂದು ಬೆಳಿಗ್ಗೆ ಕಾವಳ ಕಾಫಿ ಗಿಡಗಳ ಮೇಲೆ ಕೂತಿತ್ತು. ಹಾಜರಿ ಮುಗಿಸಿ ತಿರುವಿಗೆ ಬಂದ ಪೂವಯ್ಯನ ಬೆನ್ನ ಹಿಂದೆ ಯಾರೋ, ಹಿಂದಿನ ರಾತ್ರಿ ಅವನು ಕಲಿತಿದ್ದ ಶಬ್ದವನ್ನೇ ಹೇಳಿದರು: ಯುಲುಲೇಶನ್.

“ಹೆಂಗಸರು ಕೂಡಿ ಗೋಳಿಡುವುದು, ಸರ್,” ಅಂದ ಪೂವಯ್ಯ. ಆರೇಳು ವರ್ಷದ ಅಭ್ಯಾಸ, ನಾಲಿಗೆ ತಾನಾಗಿ ಹೊರಳಿತ್ತು. ತಿರುಗಿ ನೋಡಿದರೆ ಕಾವಳ ಬಿಟ್ಟು ಏನೂ ಇಲ್ಲ.

ಮಧ್ಯಾಹ್ನ ಆಳುಗಳ ಲೈನುಮನೆಗಳ ಕಡೆಯಿಂದ ಗೋಳು ಕೇಳಿಬಂತು. ಮುದುಕ ವಾಚರ್ ಸಣ್ಣಸ್ವಾಮಿ ಉಂಡ ತಟ್ಟೆಯ ಮುಂದೆಯೇ ಒರಗಿದ್ದ. ವಯಸ್ಸಾಗಿತ್ತು, ಹೋದ. ಪೂವಯ್ಯ ಹಾಗೆಂದುಕೊಂಡ. ನಿಜ ಹೇಳಬೇಕೆಂದರೆ, ಪರೀಕ್ಷೆ ಮಾಡುವವರೊಬ್ಬರು ಸಿಕ್ಕರಲ್ಲ ಎಂಬ ಸಮಾಧಾನವೂ ಅವನ ಹೆದರಿಕೆಯ ಅಡಿಯಲ್ಲಿ ಎಲ್ಲೋ ಇತ್ತು. ಮುಂದಿನ ವಾರ ಸೊಮ್ನಾಂಬ್ಯುಲಿಸ್ಟ್ ಎಂದು ದನಿ ಕೇಳಿದಾಗ ಮೈಯೆಲ್ಲ ಮುಳ್ಳೆದ್ದರೂ, ನಿದ್ದೆಯಲ್ಲಿ ನಡೆಯುವವರು ಎಂದು ಉತ್ತರ ಕೊಟ್ಟೇಬಿಟ್ಟ.

ಅಂದು ಮಧ್ಯಾಹ್ನ ಉಂಡು ಮಲಗಿದ್ದ ಯಮುನ ಎದ್ದು ನಡೆದಳು. ಕಣ್ಣು ತೆರೆದೇ ಇತ್ತಂತೆ. ಕಾಫಿ ಹಣ್ಣು ತೊಳೆಯುವ ತೊಟ್ಟಿಯ ಅಂಚಿನಲ್ಲಿ ಇನ್ನೊಂದು ಹೆಜ್ಜೆ ಇಡುವಷ್ಟರಲ್ಲಿ ಕೆಲಸದ ಹೆಂಗಸರು ಹಿಡಿದುಕೊಂಡರು. ಅಲ್ಲಿಗೆ ಹೇಗೆ ಬಂದೆನೆಂದು ಅವಳಿಗೇ ಗೊತ್ತಿರಲಿಲ್ಲ.

ಪೂವಯ್ಯ ಆಗ ತಾಯಿ ಪೊನ್ನಮ್ಮನ ಮುಂದೆ ಎಲ್ಲವನ್ನೂ ಹೇಳಿದ. ಅವಳು ಒಲೆಯ ಮುಂದಿನಿಂದ ಏಳಲಿಲ್ಲ.

“ಕಾಣದ ಬಾಯಿ ಒಂದೇ ಸಲ ಕರೀತದೆ, ಮಗ. ಮನುಷ್ಯರಾದ್ರೆ ಇನ್ನೊಂದು ಸಲ ಕರೀತಾರೆ. ಎರಡನೇ ಕರೆ ಬಾರದೆ ಓಗೊಡಬಾರದು ಅಂತ ಸಣ್ಣದರಲ್ಲೇ ಹೇಳಿಕೊಟ್ಟಿದ್ದೆ.”

“ದೊರೆ ಬದುಕಿದ್ದಾಗಲೂ ಒಂದೇ ಸಲ ಕೇಳ್ತಿದ್ದದ್ದು, ಅವ್ವ.”

“ಅದಕ್ಕೇ ನಿಂಗೆ ರೂಢಿ ಆಗಿಹೋಯ್ತು,” ಅಂದಳು ಪೊನ್ನಮ್ಮ.

ಮರುದಿನದಿಂದ ಅವನು ತಿರುವಿನ ದಾರಿ ಬಿಟ್ಟು ಲೈನುಮನೆಗಳನ್ನು ಬಳಸಿ ಹೋಗತೊಡಗಿದ. ಶಬ್ದ ಕಲಿಯುವುದನ್ನು ಮಾತ್ರ ಬಿಡಲಾಗಲಿಲ್ಲ. ಏಜೆಂಟ್ ದೊರೆ ಬರುವ ದಿನ ಹತ್ತಿರವಾಗಿತ್ತು.

ಚೆಟ್ಟಳ್ಳಿಯ ಚಹಾದಂಗಡಿಯಲ್ಲಿ ಕುಟ್ಟಪ್ಪ ಸಿಕ್ಕಿದ. ಇವತ್ತು ಯಾವ ಶಬ್ದ ನುಂಗಿದ್ದೀರಿ ಎಂದು ಎಂದಿನಂತೆ ಕೆಣಕಿದ. ಪೂವಯ್ಯ ನಿಘಂಟಿನಲ್ಲಿ ಅಕ್ಷರ ಕಂಡ ಹಾಗೆಯೇ ‘ಪೋಸ್ಟ್ ಹ್ಯೂಮಸ್’ ಅಂದ.

“ಪೋಸ್ಟ್ ಅಂದ್ರೆ ಟಪಾಲು, ಹ್ಯೂಮಸ್ ಅಂದ್ರೆ ಗೊಬ್ಬರ. ಕಂಪನಿಯವರು ಈಗ ಗೊಬ್ಬರಾನೂ ಟಪಾಲಲ್ಲಿ ಕಳಿಸ್ತಾರೇನ್ರೀ?” ಅಂದ ಕುಟ್ಟಪ್ಪ. ಅಂಗಡಿಯೆಲ್ಲ ನಕ್ಕಿತು.

ಪೂವಯ್ಯನೂ ನಗುತ್ತಲೇ ನಿಜವಾದ ಅರ್ಥ ಹೇಳಿದ. ಅಪ್ಪ ಸತ್ತ ಮೇಲೆ ಹುಟ್ಟುವ ಮಗುವಿಗೆ ಹಾಗೆನ್ನುತ್ತಾರೆ. ಹೇಳಿ ಮುಗಿಸುವ ಮುಂಚೆ ಅವನ ನಗು ನಿಂತಿತು. ಈ ಶಬ್ದವನ್ನು ಆ ತಿರುವಿನಲ್ಲಿ ಕೇಳಿದರೆ? ಕುಟ್ಟಪ್ಪ ಮಾತ್ರ, ಅಂಥದನ್ನೆಲ್ಲ ಮನೆಯಲ್ಲಿ ಹೇಳಬೇಡಿ, ನಮ್ಮ ಮನೆಯವಳು ಚಿನ್ನಿಗೂ ಏಳು ತಿಂಗಳು ಅಂದು ಚಹಾ ಮುಗಿಸಿ ಎದ್ದ.

ಏಜೆಂಟ್ ದೊರೆ ಬಂದ ದಿನ ಇಬ್ಬರನ್ನೂ ಬಂಗಲೆಯ ಜಗಲಿಯಲ್ಲಿ ಕೂರಿಸಿದರು. ಒಳಗಡೆ ಹಳೆ ದೊರೆಯ ಕೋಣೆ, ಬಾಗಿಲು ಅರ್ಧ ತೆರೆದಿತ್ತು. ಇಬ್ಬರೂ ಟೋಪಿ ಮಡಿಲಲ್ಲಿಟ್ಟುಕೊಂಡು ಕಾದರು. ಒಳಗಿನಿಂದ ಪ್ರಶ್ನೆ ಬಂತು.

“ಪಾಸ್ಚುಮಸ್?”

ಉಚ್ಚಾರ ಎಷ್ಟು ಸರಿಯಾಗಿತ್ತೆಂದರೆ ಪೂವಯ್ಯನಿಗೆ ಅದು ತಾನು ಓದಿದ ಶಬ್ದವೇ ಎಂದು ತಿಳಿಯಲು ಒಂದು ಗಳಿಗೆ ಬೇಕಾಯಿತು. ಉತ್ತರ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಜೀಪು, ಮಡಿಕೇರಿಯ ಆಸ್ಪತ್ರೆ, ಯಮುನ, ಎಲ್ಲ ಆ ಒಂದು ಉತ್ತರದ ಆಚೆ ಇದ್ದವು. ಹಲ್ಲು ಕಚ್ಚಿ ಎರಡನೇ ಸಲಕ್ಕೆ ಕಾದ. ಎರಡನೇ ಸಲ ಬರಲಿಲ್ಲ. ಪಕ್ಕದಲ್ಲಿ ಕುಟ್ಟಪ್ಪ ಬಾಯಿ ತೆರೆಯುವುದು ಕಂಡಿತು. ಬೇಡ ಅನ್ನಬೇಕು. ಆದರೆ ಏನಂದರೂ ಅದು ಓಗೊಟ್ಟ ಹಾಗೆಯೇ ಆದರೆ?

“ಅಪ್ಪ ಸತ್ತ ಮೇಲೆ ಹುಟ್ಟುವ ಮಗು, ಸರ್,” ಎಂದು ಕುಟ್ಟಪ್ಪ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳಿದ. ಹೇಳಿ ಪೂವಯ್ಯನ ಕಡೆಗೆ ಕಣ್ಣು ಮಿಟುಕಿಸಿದ.

ಆಗಷ್ಟೇ ಏಜೆಂಟ್ ದೊರೆ ತೋಟದ ಕಡೆಯ ಮೆಟ್ಟಿಲು ಹತ್ತಿ ಬಂದ. ಬೂಟಿಗೆ ಕೆಂಪು ಮಣ್ಣು ಮೆತ್ತಿತ್ತು. ಯಾರೊಡನೆ ಮಾತಾಡುತ್ತಿದ್ದೀರಿ ಎಂದು ಕೇಳಿದ. ಕುಟ್ಟಪ್ಪ ಕೋಣೆಯ ಕಡೆ ನೋಡಿದ, ದೊರೆಯ ಕಡೆ ನೋಡಿದ, ಆಮೇಲೆ ನಕ್ಕುಬಿಟ್ಟ.

ಪರೀಕ್ಷೆ ಹೆಚ್ಚು ಹೊತ್ತು ನಡೆಯಲಿಲ್ಲ. ಪ್ರಶ್ನೆ ಬಂದಾಗಲೆಲ್ಲ ಪೂವಯ್ಯ ಅದು ಇನ್ನೊಮ್ಮೆ ಬರಲೆಂದು ಕಾಯುತ್ತಿದ್ದ. ಏಜೆಂಟ್ ದೊರೆಗೂ ಇನ್ನೊಮ್ಮೆ ಕೇಳುವ ರೂಢಿ ಇರಲಿಲ್ಲ. ಹುದ್ದೆ ಕುಟ್ಟಪ್ಪನಿಗೆ ಹೋಯಿತು.

ಹೋಗುವ ಮುಂಚೆ ಪೂವಯ್ಯ ಅವನ ತೋಳು ಹಿಡಿದು, ತಿರುವಿನ ಕಡೆ ಜೀಪು ತರಬೇಡಿ ಎಂದಷ್ಟೇ ಹೇಳಿದ. ಹೊಟ್ಟೆಕಿಚ್ಚು ಎಂದುಕೊಂಡಿರಬೇಕು ಕುಟ್ಟಪ್ಪ, ಬೆನ್ನು ತಟ್ಟಿ ಹೋದ. ಒಂದು ತಿಂಗಳೊಳಗೆ ಜೀಪು ಅದೇ ತಿರುವಿನಲ್ಲಿ ಸಿಲ್ವರ್ ಓಕ್ ಮರಕ್ಕೆ ಹೊಡೆದು ಮಗುಚಿತು. ದಾರಿ ಒಣಗಿತ್ತು, ಹಾಡಹಗಲು. ಹೂಮಳೆ ಬಿದ್ದು ಕಾಫಿ ಬೆಳ್ಳಗೆ ಅರಳಿದ ವಾರ ಚಿನ್ನಿ ಗಂಡುಮಗು ಹೆತ್ತಳು.

ಖಾಲಿಯಾದ ಹುದ್ದೆಗೆ ಕಂಪನಿ ಪೂವಯ್ಯನನ್ನು ಕರೆಯಿತು. ಒಂದೇ ಸಲ ಕರೆಯಿತು. ಅವನು ಹೋಗಲಿಲ್ಲ.

ಯಮುನಳಿಗೆ ಮನೆಯಲ್ಲೇ ಸುಖವಾಗಿ ಹೆರಿಗೆಯಾಯಿತು. ಹೆಣ್ಣುಮಗು. ಆಳುಗಳು ಈಗ ‘ರೈಟ್ರೇ, ರೈಟ್ರೇ’ ಎಂದು ಎರಡೆರಡು ಸಲ ಕರೆಯುವುದನ್ನು ಕಲಿತಿದ್ದರು. ಇಲ್ಲದಿದ್ದರೆ ಅವನು ತಲೆ ಎತ್ತುತ್ತಿರಲಿಲ್ಲ. ನಿಘಂಟಿನ ಮೇಲೆ ಪೊನ್ನಮ್ಮ ಉಪ್ಪಿನ ಭರಣಿ ಇಟ್ಟಿದ್ದಳು.

ಮಗು ಎರಡು ವರ್ಷ ತುಂಬಿದರೂ ಮಾತಾಡಲಿಲ್ಲ. ನಮ್ಮ ಮನೆಯ ಮಾತನ್ನೆಲ್ಲ ನೀವೇ ಖರ್ಚು ಮಾಡಿದ್ದೀರಿ ಎಂದು ಯಮುನ ಗಂಡನನ್ನು ಚುಚ್ಚುತ್ತಿದ್ದಳು. ಮತ್ತೊಂದು ಕೊಯ್ಲಿನ ಬೆಳಿಗ್ಗೆ ಪೂವಯ್ಯ ಹಾಜರಿಗೆ ಹೊರಟು ಅಂಗಳ ದಾಟುತ್ತಿದ್ದ. ಕಾವಳ ಮನೆಯ ಮೆಟ್ಟಿಲವರೆಗೂ ಬಂದಿತ್ತು. ಹಿಂದಿನಿಂದ ಒಂದು ಸಣ್ಣ ದನಿ, ಸ್ಪಷ್ಟವಾಗಿ, ಅವನನ್ನು ಕರೆಯಿತು.

“ಅಪ್ಪ.”

ಪೂವಯ್ಯ ನಿಂತ. ಕಣ್ಣಲ್ಲಿ ನೀರು ಬಂತು. ಕುತ್ತಿಗೆಯನ್ನು ಮಾತ್ರ ಬಿಗಿಹಿಡಿದು, ತಿರುಗದೆ, ಇನ್ನೊಂದು ಸಲಕ್ಕೆ ಕಾದ. ಪುಟ್ಟ ಹೆಜ್ಜೆಗಳು ಒಂದೊಂದಾಗಿ ಮೆಟ್ಟಿಲು ಹತ್ತಿ ಒಳಗೆ ಹೋದವು.