ಜುಂಜಮ್ಮ ತಿದ್ದಿಸಿದ ಸಾಲು

"ನಮ್ ಬಗ್ಗೆ ಏನ್ ಬರ್ದಿದೀಯ, ಒಂದೀಟು ಓದಿ ಹೇಳವ್ವ," ಎಂದು ಚಿತ್ತಮ್ಮ ಮೊರದಲ್ಲಿದ್ದ ಹುರುಳಿಯಿಂದ ಕಣ್ಣೆತ್ತದೆ ಕೇಳಿದಳು.

ಕಮಲಮ್ಮನಿಗೆ ಇಲ್ಲವೆನ್ನಲಾಗಲಿಲ್ಲ. ಗೊಲ್ಲರ ಬದುಕಿನ ಮೇಲೆ ಸಂಶೋಧನೆ ನಡೆಸಲು ಅವಳು ಆದಿವಾಲ ಊರಿನಾಚೆಯ ಈ ಹಟ್ಟಿಗೆ ಬಂದು ಎಂಟು ತಿಂಗಳಾಗಿತ್ತು. ಎಪ್ಪತ್ನಾಲ್ಕನೆಯ ಇಸವಿಯ ಸುಗ್ಗಿ ಮುಗಿದಿತ್ತು. ಮುಂದಿನ ವಾರ ಮೈಸೂರಿಗೆ ಹೊರಡಬೇಕು. ಇಷ್ಟು ದಿನ ಉಣ್ಣಲಿಕ್ಕಿದವಳೂ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟವಳೂ ಚಿತ್ತಮ್ಮನೇ. ಮಗಳು ಜುಂಜಮ್ಮ ಮಾತ್ರ ಕಮಲಮ್ಮನನ್ನು ಕಂಡರೆ ಕುರಿರೊಪ್ಪದ ಕಡೆ ನಡೆದುಬಿಡುತ್ತಿದ್ದಳು. ಇವತ್ತು ಅದೇನೋ ಬಾಗಿಲಿಗೆ ಒರಗಿ ನಿಂತಿದ್ದಳು.

ಕಮಲಮ್ಮ ಮದುವೆಯ ಪುಟ ಓದಿದಳು, ದೇವರ ಪುಟ ಓದಿದಳು. ಚಿತ್ತಮ್ಮ ನಗುತ್ತ ಹೂಂಗುಟ್ಟಿದಳು. ಹೆರಿಗೆಯ ಪುಟಕ್ಕೆ ಬಂದಾಗ ಓದುವವಳ ದನಿ ತಗ್ಗಿತು.

"ಬಾಣಂತಿ ಹಟ್ಟಿಯ ಹೊರಗಿನ ಗುಡಿಸಲಲ್ಲಿ ಒಬ್ಬಳೇ ಇರಬೇಕು; ಸೂತಕವೆಂದು ಯಾರೂ ಒಳಗೆ ಕಾಲಿಡುವಂತಿಲ್ಲ. ಹೋದ ವರ್ಷದ ಮಳೆಗಾಲದಲ್ಲಿ ಹೀಗಿದ್ದ ಒಬ್ಬಳ ಗಂಡುಕೂಸು ಮೂರನೆಯ ದಿನ ಥಂಡಿಗೆ ತೀರಿಕೊಂಡಿತು."

ಹೆಸರು ಬರೆದಿರಲಿಲ್ಲ. ಆದರೂ ಆ ಒಬ್ಬಳು ಯಾರೆಂದು ಮೂವರಿಗೂ ಗೊತ್ತು. ಮೈಸೂರಿನ ಗುರುಗಳು ಕಾಗದ ಬರೆದು ಮೆಚ್ಚಿಕೊಂಡಿದ್ದ ಪುಟ ಅದು. ಕಮಲಮ್ಮನಿಗೆ ನಾಚಿಕೆಯಾಯಿತು.

"ಬೇಡ ಅಂದ್ರೆ ಹರಿದುಬಿಡ್ತೀನಿ, ಜುಂಜಮ್ಮ."

"ಹರೀಬ್ಯಾಡಕ್ಕ. ತಪ್ಪೈತೆ, ತಿದ್ದು," ಎಂದಳು ಜುಂಜಮ್ಮ. ಎಂಟು ತಿಂಗಳಲ್ಲಿ ಅವಳು ಕಮಲಮ್ಮನೊಡನೆ ಆಡಿದ ಮೊದಲ ಮಾತು. "ಗಂಡಲ್ಲ. ಹೆಣ್ಣು."

"ನಿಮ್ಮಮ್ಮನೇ ಗಂಡು ಅಂತ..."

"ಅವಳೆಲ್ಲಿ ನೋಡಿದ್ಲು? ಮುದ್ದೆ ತಂದು ದೂರದಾಗೆ ಇಟ್ಟು ಹೋಗೋಳು. ನಾನೇ ಗಂಡು ಅಂತ ಕೂಗಿ ಹೇಳ್ದೆ. ಗಂಡು ಅಂದ್ರಾದ್ರೂ ಒಳಕ್ಕೆ ಬತ್ತಾಳೇನೋ ಅಂತ. ಕೊನೀಗೆ ಬಟ್ಟೆ ಸುತ್ತಿ ಕೊಟ್ಟೆ. ಮಣ್ಣು ಮಾಡೋರೂ ಬಿಚ್ಚಿ ನೋಡ್ಲಿಲ್ಲ."

ಚಿತ್ತಮ್ಮನ ಕೈ ಹುರುಳಿಯಲ್ಲೇ ನಿಂತಿತು.

"ದೇವರ ಕಟ್ಟು ಮೀರಾಕೆ ಹೆದ್ರಿದೆ ಕಣೇ," ಎಂದಳು. "ಗುಡಿಸ್ಲು ತಾವ ಬಂದು ಬಂದು ಹಿಂದಕ್ಕೋದೆ."

ಜುಂಜಮ್ಮ ಬಾಗಿಲು ಬಿಟ್ಟು ಬಂದು ಅವ್ವನ ಎದುರಿಗೆ ಕುಳಿತಳು. ಕಮಲಮ್ಮ 'ಗಂಡು' ಹೊಡೆದು 'ಹೆಣ್ಣು' ಎಂದು ಬರೆದಳು. ಆಮೇಲೆ ಏನನ್ನೂ ಬರೆದುಕೊಳ್ಳುವ ಮನಸ್ಸಾಗದೆ ಪೆನ್ನು ಮುಚ್ಚಿದಳು.

"ಎಷ್ಟುದ್ದ ಇತ್ತೇ ಕೂಸು?" ಚಿತ್ತಮ್ಮ ಕೇಳಿದಳು.

"ಈಟು," ಎಂದು ಜುಂಜಮ್ಮ ಎರಡು ಅಂಗೈಗಳನ್ನು ಎದುರುಬದುರು ಹಿಡಿದು ತೋರಿಸಿದಳು.

ಹೊತ್ತು ಇಳಿದು ಕುರಿಗಳು ಧೂಳೆಬ್ಬಿಸುತ್ತ ಹಟ್ಟಿಯೊಳಕ್ಕೆ ಬಂದವು. ಜುಂಜಮ್ಮ ಆ ಕೈಗಳನ್ನು ಇನ್ನೂ ಇಳಿಸಿರಲಿಲ್ಲ.