ಹೆರಾಲ್ಡಿಗೊಂದು ಎಂಜಿನ್

ಕಾರಿನ ಎಂಜಿನ್ ಸೀಳಿದ ದಿನವೇ ನೇತ್ರಾಳಿಗೆ ತನ್ನ ಕಿವಿ ಕೈಕೊಟ್ಟಿರುವುದೂ ಖಾತ್ರಿಯಾಯಿತು.

ಕಾರು ಅಂದರೆ ಷೋರೂಮಿನಲ್ಲಿ ಕೊಂಡದ್ದಲ್ಲ. ಬಳ್ಳಾರಿಯ ಐಟಿಐಯಲ್ಲಿ ಲೇತ್ ಕೆಲಸ ಕಲಿಸುವ ಹುಲುಗೇಶ್, ಅವನ ಹೆಂಡತಿ ನೇತ್ರಾ ಇಬ್ಬರೂ ಸೇರಿ ಕಂಟೋನ್ಮೆಂಟಿನ ಬಾಡಿಗೆ ಮನೆಯ ಹಿಂದಿನ ಶೆಡ್ಡಿನಲ್ಲಿ ವರ್ಷಗಟ್ಟಲೆ ಕೂತು ಕಟ್ಟಿದ್ದು. ಗುಜರಿಗೆ ಹೋಗಲಿದ್ದ ಹಳೆಯ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರಿನ ಚಾಸಿ ಮತ್ತು ಎಂಜಿನ್ ಉಳಿಸಿಕೊಂಡು, ಮೇಲೆ ಅಲ್ಯೂಮಿನಿಯಂ ತಗಡು ಬಡಿದು, ಎರಡೇ ಸೀಟಿನ, ಚಾವಣಿಯಿಲ್ಲದ ಗಾಡಿ ಮಾಡಿದ್ದರು. ತಗಡಿನ ಕೆಲಸ ಅವನದು. ಎಂಜಿನ್ನಿನ ಶ್ರುತಿ ಅವಳದು. ಕೊಳಗಲ್ಲಿನ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ಸಂಜೆ ಮನೆಗೆ ಬಂದವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಣ್ಣು ಮುಚ್ಚಿ, ಓಡುತ್ತಿರುವ ಎಂಜಿನ್ನಿನ ಪಕ್ಕ ನಿಲ್ಲುತ್ತಿದ್ದಳು. “ಎರಡನೇ ಸಿಲಿಂಡರ್ ಸರಿ ಉರಿಯವಲ್ದು ಮಾವಾ” ಅನ್ನುತ್ತಿದ್ದಳು. ಬಿಚ್ಚಿ ನೋಡಿದರೆ ಹಾಗೇ ಇರುತ್ತಿತ್ತು. ಅವಳು ಅವನ ಸೋದರತ್ತೆಯ ಮಗಳು. ಚಿಕ್ಕಂದಿನಿಂದ ಕರೆದ ‘ಮಾವ’ ಮದುವೆಯಾದ ಮೇಲೂ ಬದಲಾಗಲಿಲ್ಲ.

ಆ ದಿನ ಸಿರುಗುಪ್ಪದ ಕಡೆಯ ಕರೂರಿನಲ್ಲಿ ನೆಂಟರ ಮನೆಯ ಊಟ ಮುಗಿಸಿ ಬಿಸಿಲಲ್ಲಿ ವಾಪಸಾಗುತ್ತಿದ್ದರು. ಎಂಜಿನ್ ತಣ್ಣಗಿಡುವ ನೀರಿನ ಪೈಪು ಹರಿದದ್ದು ಇಬ್ಬರಿಗೂ ಗೊತ್ತಾಗಲಿಲ್ಲ. ಎಂಜಿನ್ ಕಟಕಟ ಅನ್ನತೊಡಗಿದ್ದು ಹುಲುಗೇಶನಿಗೆ ಕೇಳಿಸಿತ್ತು. ಆದರೆ ಪಕ್ಕದಲ್ಲಿ ನೇತ್ರಾ ಇದ್ದಾಳೆ, ಅಂಥದ್ದೇನಾದರೂ ಇದ್ದರೆ ಅವಳೇ ಹೇಳುತ್ತಾಳೆ ಎಂದು ಅವನು ಸುಮ್ಮನೆ ಓಡಿಸಿದ. ಬಾನೆಟ್ಟಿನಿಂದ ಹಬೆ ಎದ್ದು ಗಾಡಿ ನಿಂತಾಗ ಎಂಜಿನ್ನಿನ ಬ್ಲಾಕ್ ಉದ್ದಕ್ಕೆ ಬಿರುಕು ಬಿಟ್ಟಿತ್ತು.

“ಅಷ್ಟು ಬಡಕೊಳ್ಳಾಕತ್ತಿತ್ತಲ್ಲ, ಒಂದು ಮಾತು ಹೇಳಬಾರದಾಗಿತ್ತಾ?” ಎಂದ.

ಅವಳು ಅವನ ತುಟಿ ನೋಡುತ್ತ ಕೇಳಿದಳು: “ಯಾವುದು ಬಡಕೊಳ್ಳಾಕತ್ತಿತ್ತು?”

ಆಮೇಲೆ ಇಬ್ಬರೂ ರಸ್ತೆಬದಿಯ ಜಾಲಿಯ ನೆರಳಿನಲ್ಲಿ ಟ್ರಾಕ್ಟರಿಗಾಗಿ ಕಾಯುತ್ತ ಕೂತರು.

ಕಿವಿಯ ಡಾಕ್ಟರು ನೋಡಿ, “ನರ ಚೆನ್ನಾಗೇ ಇದೆಯಮ್ಮ, ಕಿವಿಯೊಳಗಿನ ಸಣ್ಣ ಎಲುಬು ಬಿಗಿದುಕೊಂಡಿದೆ, ಅಷ್ಟೇ. ಹುಬ್ಬಳ್ಳಿಯಲ್ಲಿ ಆಪರೇಷನ್ ಮಾಡುತ್ತಾರೆ” ಎಂದರು. ನೇತ್ರಾ ಹೂಂ ಅಂದು ಬಂದಳು. ಸಮಾಧಾನಕ್ಕೆ ಹೇಳಿದ ಮಾತು ಎಂದೇ ಅವಳ ನಂಬಿಕೆ. ತರಗತಿಯಲ್ಲಿ ಹಿಂದಿನ ಬೆಂಚಿನ ಹುಡುಗಿಯರು ಎರಡೆರಡು ಸಲ ಉತ್ತರ ಹೇಳುವುದು, ಮನೆಯಲ್ಲಿ ಕುಕ್ಕರು ಸೀದುಹೋಗುವುದು, ಎಲ್ಲದಕ್ಕೂ ಹೇಗೋ ಹೊಂದಿಕೊಂಡಳು. ಶೆಡ್ಡಿಗೆ ಮಾತ್ರ ಕಾಲಿಡಲಿಲ್ಲ. “ನನ್ನ ದೆಸೆಯಿಂದನ ಎಂಜಿನ್ ಹೋತು” ಎಂದು ಒಮ್ಮೆ ಅಂದಳು. ಹುಲುಗೇಶ್ ಎಷ್ಟು ಅಲ್ಲ ಅಂದರೂ ಅವಳು ಮುಖ ಆಚೆ ತಿರುಗಿಸಿದ್ದಳು. ತಿರುಗಿಸಿದರೆ ಮುಗಿಯಿತು, ಅವನ ಮಾತು ಅವಳಿಗೆ ತಲುಪುವಂತಿರಲಿಲ್ಲ.

ಬೇಸಿಗೆ ರಜೆಯಲ್ಲಿ ಎರಡು ಎಂಜಿನ್ನುಗಳ ಸುದ್ದಿ ಸಿಕ್ಕಿತು. ಒಂದು ಸಿರುಗುಪ್ಪದಲ್ಲಿ, ಅದೇ ಹೆರಾಲ್ಡಿನದು. ಇನ್ನೊಂದು ಕುರುಗೋಡಿನ ಗುಜರಿಯಲ್ಲಿ, ಯಾವುದೋ ಮಾರುತಿ ವ್ಯಾನಿನದು. ಹುಲುಗೇಶನ ಮನಸ್ಸೆಲ್ಲ ಮೊದಲನೆಯದರ ಮೇಲೆ. “ನೀನೂ ಬಾ” ಎಂದು ಹೆಂಡತಿಯ ಎದುರು ನಿಂತು ಕೇಳಿದ.

“ನಾ ಬಂದು ಏನು ಮಾಡ್ಲಿ?”

“ಸುಮ್ನ ಬಾ. ಒಬ್ಬನಿಗೇ ಹೋಗಾಕ ಬ್ಯಾಸರ.”

ಬೈಕಿನಲ್ಲಿ ಹೊರಟರು.

ಸಿರುಗುಪ್ಪದ ರಾಘಣ್ಣ ನಿವೃತ್ತ ಹೆಡ್‌ಮಾಸ್ಟರು. ತಂದೆಯ ಕಾರಿನ ಎಂಜಿನ್ನನ್ನು ಕಬ್ಬಿಣದ ಸ್ಟ್ಯಾಂಡಿನ ಮೇಲೆ ಕೂರಿಸಿ, ಹಸಿರು ಬಣ್ಣ ಬಳಿದು, ದೇವರ ಮಂಟಪದ ಹಾಗೆ ಇಟ್ಟುಕೊಂಡಿದ್ದರು. “ಬರ್ರಿ, ಬರ್ರಿ. ಒಂದೇ ಸೆಲ್ಫ್ ಸ್ಟಾರ್ಟಿಗೆ ಎದ್ದೇಳ್ತದ ನೋಡ್ರಿ” ಎಂದು ಬ್ಯಾಟರಿ ಜೋಡಿಸಿದರು. ನಿಜಕ್ಕೂ ಎದ್ದಿತು. ಹುಲುಗೇಶನ ಮುಖ ಅರಳಿತು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಆನಿಸಿ, ಹಿಡಿಯನ್ನು ಕಿವಿಗೆ ಒತ್ತಿ ಕೇಳಿದ. ಏನೋ ಅನುಮಾನ ಬಂತು, ಏನೆಂದು ತಿಳಿಯಲಿಲ್ಲ. ಇಷ್ಟು ವರ್ಷದ ರೂಢಿಯಂತೆ, ಯೋಚಿಸದೆ, ಅದನ್ನು ಹೆಂಡತಿಯತ್ತ ಚಾಚಿದ.

ನೇತ್ರಾಳ ಕಣ್ಣು ಕೆಂಪಾಯಿತು. “ಕಿವುಡಿ ಕೈಯಾಗ ಕೊಡ್ತಿಯಲ್ಲ, ಮಂದಿ ಮುಂದ?”

ಹುಲುಗೇಶನಿಗೆ ಚಾಚಿದ ಕೈ ಹಿಂದಕ್ಕೆ ತೆಗೆಯಲೂ ಆಗಲಿಲ್ಲ. ರಾಘಣ್ಣ ನೋಡುತ್ತಿದ್ದರು. ಇನ್ನಷ್ಟು ಮುಜುಗರ ಬೇಡವೆಂದು ನೇತ್ರಾ ಅದನ್ನು ಕಿತ್ತುಕೊಂಡು, ತುದಿಯನ್ನು ಬ್ಲಾಕಿಗಿಟ್ಟು, ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿ ನಿಂತಳು.

ನಿಂತವಳು ಅಲುಗಲಿಲ್ಲ.

ಸದ್ದು ಬಂದಿತ್ತು. ಹತ್ತಿಯ ಮೂಟೆಯ ಆಚೆಯಿಂದ ಬಂದಂತಲ್ಲ. ಬಿಗಿದ ಕಿವಿಯನ್ನು ಬಿಟ್ಟು ಎಲುಬಿನೊಳಗಿಂದಲೇ ಹಾದು, ತಲೆಯ ನಡುವೆಯೇ ಹುಟ್ಟಿದಂತೆ, ಸ್ವಚ್ಛವಾಗಿ. ವಾಲ್ವುಗಳ ಟಿಕಟಿಕ, ಚೈನಿನ ಸರಸರ, ಎಣ್ಣೆ ಹರಿಯುವ ಗುಳುಗುಳು. ಅವಳು ಸ್ಕ್ರೂಡ್ರೈವರನ್ನು ಮುಂದಕ್ಕೆ ಸರಿಸಿದಳು, ಕೆಳಕ್ಕೆ ಇಳಿಸಿದಳು, ಬೇಕಿಲ್ಲದ ಕಡೆಯೂ ಇಟ್ಟು ಕೇಳಿದಳು. ಕಣ್ಣು ಮುಚ್ಚಿತ್ತು. ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು.

“ಏನಾತು?” ಎಂದು ಹುಲುಗೇಶ್ ಅವಳ ತೋಳು ಹಿಡಿದ.

“ಮೂರನೇ ಸಿಲಿಂಡರಿನ ಬೇರಿಂಗ್ ಹೋಗೈತಿ. ತಳದಾಗ ಗುದ್ದಾಕತ್ತೈತಿ” ಎಂದಳು. ಆಮೇಲೆ, “ಮಾವಾ, ನಂಗ ಕೇಳ್ಸಾಕತ್ತೈತಿ.”

ಆ ಸಿಲಿಂಡರ್ ಉರಿಯದಂತೆ ಹುಲುಗೇಶ್ ಮೂರನೆಯ ಪ್ಲಗ್ಗಿನ ವೈರು ಕಿತ್ತ. ಗುದ್ದು ಕಡಿಮೆಯಾಯಿತು. ಅವಳು ಹೇಳಿದ್ದು ಸರಿ. ಬೇರಿಂಗ್ ಜೊತೆ ಕ್ರ್ಯಾಂಕ್ ದಂಡವೂ ಸವೆದಿರುತ್ತದೆ, ಈ ಹಳೆಯ ಎಂಜಿನ್ನಿಗೆ ಹೊಸದು ಎಲ್ಲಿಂದ ತರುವುದು? ರಾಘಣ್ಣನಿಗೂ ಬೇಸರವಾಯಿತು. “ನಮಗ ಗೊತ್ತಿರಲಿಲ್ಲ ನೋಡ್ರಿ. ಇರಲಿ, ಅಪ್ಪನ ನೆನಪಿಗೆ ಇಲ್ಲೇ ಇರ್ತದ” ಎಂದು ಇಬ್ಬರಿಗೂ ಮಜ್ಜಿಗೆ ಕೊಟ್ಟು ಕಳಿಸಿದರು.

ತೆಕ್ಕಲಕೋಟೆ ದಾಟಿ ಭತ್ತದ ಗದ್ದೆಗಳ ನಡುವೆ ಹೋಗುವಾಗ ನೇತ್ರಾ ಸುಸ್ತಾಗಿ ತಲೆಯನ್ನು ಗಂಡನ ಬೆನ್ನಿಗೆ ಒರಗಿಸಿದಳು. ಹುಲುಗೇಶ್ ಅವಳಿಗೆ ಕೇಳಿಸುವುದಿಲ್ಲವೆಂಬ ಧೈರ್ಯದಲ್ಲಿ ತನ್ನಷ್ಟಕ್ಕೆ ಗೊಣಗುತ್ತಿದ್ದ: “ಎಂಥಾ ಚೆಂದ ಎಂಜಿನ್. ಹೋತು. ಹೋದ್ರ ಹೋತು, ಇಕಿ ನಕ್ಕಳಲ್ಲ, ಅಷ್ಟ ಸಾಕು. ವರ್ಷಾತು ಇಕಿ ನಕ್ಕು.”

“ನಾ ಎಲ್ಲಿ ನಕ್ಕೆ? ಅತ್ತೀನಿ” ಎಂದಳು ಹಿಂದಿನಿಂದ.

ಅವನು ಬ್ರೇಕ್ ಒತ್ತಿದ ರಭಸಕ್ಕೆ ಬೈಕು ರಸ್ತೆಯಂಚಿನ ಮಣ್ಣಿಗಿಳಿಯಿತು. ತಿರುಗಿ ನೋಡಿದ. ಬಹಳ ದಿನಗಳ ಮೇಲೆ ಅವನು ಕೂಗದೆ ಆಡಿದ ಮಾತೊಂದು ಅವಳಿಗೆ ತಲುಪಿತ್ತು. “ಇನ್ನೊಮ್ಮೆ ಹೇಳು” ಎಂದು ಅವಳು ಮತ್ತೆ ಬೆನ್ನಿಗೆ ತಲೆಯೊತ್ತಿದಳು. ಅವನಿಗೆ ನಾಚಿಕೆಯಾಗಿ ಬೇರೇನೂ ತೋಚದೆ, “ಹಸಿವಾಗೈತಿ” ಎಂದ. ಈ ಸಲ ಅವಳು ನಿಜವಾಗಿ ನಕ್ಕಳು.

ಕುರುಗೋಡಿನ ಬೆಟ್ಟದ ಬುಡದಲ್ಲಿ ವಿರೂಪಾಕ್ಷಿಯ ಗುಜರಿ. ವ್ಯಾನು ಮುಂದೆ ನುಜ್ಜಾಗಿತ್ತು, ಎಂಜಿನ್ ಗೇರ್‌ಬಾಕ್ಸ್ ಸಮೇತ ಚೆನ್ನಾಗಿತ್ತು. ಹುಲುಗೇಶನಿಗೆ ಮನಸ್ಸಿರಲಿಲ್ಲ. “ಮೂರಽ ಸಿಲಿಂಡರ್. ನಮ್ಮ ಹಳೇ ಗಾಡಿಗೆ ಇದಾ?” ಎಂದ. ಎಂಜಿನ್ನಿನ ಮೇಲೆ ಕೈಯಿಟ್ಟು ಸೇರಿಸಿದ: “ಆದ್ರ ಇದು ನಡುಗೋದು ಜಾಸ್ತಿ. ಸೀಟಿನಾಗ ಕುಂತ್ರ ನಿನಗ ಗೊತ್ತಾಗತೈತಿ. ನಿನ್ನ ಸಲುವಾಗಿ...”

“ನನ್ನ ಸಲುವಾಗಿ ಆರಿಸಬ್ಯಾಡ. ಗಾಡಿ ಸಲುವಾಗಿ ಆರಿಸು” ಎಂದು ನೇತ್ರಾ ಸ್ಕ್ರೂಡ್ರೈವರ್ ತೆಗೆದುಕೊಂಡಳು. ಬಹಳ ಹೊತ್ತು ಕೇಳಿದಳು. ತಣ್ಣಗಿದ್ದಾಗ ಒಮ್ಮೆ, ಕಾದ ಮೇಲೆ ಒಮ್ಮೆ. ಕೊನೆಗೆ ನೆಟ್ಟಗಾಗಿ, “ಒಂದು ವಾಲ್ವಿನ ಟ್ಯಾಪೆಟ್ ಸಡಿಲ ಐತಿ. ಮತ್ತೇನಿಲ್ಲ. ಜೀವ ಗಟ್ಟಿ ಐತಿ ಇದರದು” ಎಂದಳು.

“ಖರೇನಾ?”

“ಬಣ್ಣ ಚೆಂದ ಇಲ್ಲ. ಅದನ್ನ ನೀ ಹಚ್ಚು.”

ಅದನ್ನೇ ಕೊಂಡು ತಂದು ಹೆರಾಲ್ಡಿಗೆ ಕೂರಿಸಲು ಮಳೆಗಾಲದವರೆಗೂ ಹಿಡಿಯಿತು. ಎಂಜಿನ್ ಕೂರುವ ಹೊಸ ಮೌಂಟುಗಳನ್ನು ಹುಲುಗೇಶ್ ತಾನೇ ಮಾಡಿದ. ಹಿಂದಿನ ಚಕ್ರಕ್ಕೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟನ್ನು ಎರಡು ಸಲ ಕತ್ತರಿಸಿ ಬೆಸೆದ. ಮೊದಲ ಸಲ ಅಳತೆ ತಪ್ಪಿ ಅವಳಿಂದ ಬೈಸಿಕೊಂಡ. ನೇತ್ರಾ ದಿನಾ ಸಂಜೆ ಶೆಡ್ಡಿಗೆ ಬಂದಳು. ಆಪರೇಷನ್ನಿನ ಮಾತನ್ನೂ ಅವಳೇ ತೆಗೆದಳು. “ನರ ಚಲೋ ಅದಾವು ಅಂತ ಡಾಕ್ಟರ್ ಅಂದಿದ್ದು ಸುಳ್ಳಲ್ಲ ಮಾವಾ” ಎಂದಳು. ಹೆದರಿಕೆ ಹೋಗಿರಲಿಲ್ಲ. ಆದರೂ ಹುಬ್ಬಳ್ಳಿಗೆ ಫೋನು ಮಾಡಿಸಿ ದಿನ ಗೊತ್ತುಮಾಡಿಕೊಂಡಳು.

ಮೊದಲ ಓಟಕ್ಕೆ ಅವಳೇ ಸ್ಟೀರಿಂಗ್ ಹಿಡಿದಳು. ಕಂಟೋನ್ಮೆಂಟಿನ ಮರಗಳ ಸಾಲು ದಾಟಿ, ಊರು ಬಿಟ್ಟು, ಕೊಳಗಲ್ಲಿನವರೆಗೂ ಹೋಗಿ, ಎಂಜಿನ್ ಆರಿಸದೆ ನಿಲ್ಲಿಸಿದಳು. ಮೋಡ ಕಟ್ಟಿತ್ತು, ಗಾಳಿ ತಣ್ಣಗಿತ್ತು. ಹುಲುಗೇಶ್ ಅವಳತ್ತ ತಿರುಗಿ, ತುಟಿ ಕಾಣುವಂತೆ ಕೇಳಿದ: “ಹುಬ್ಬಳ್ಳಿಗೆ ಇದ್ರಾಗಽ ಹೋಗೂಣೇನು?”

“ಅಷ್ಟು ದೂರ ತಡಿತೈತಾ?”

“ಅದನ್ನ ನೀ ಹೇಳಬೇಕು.”

ಅವಳು ಎರಡೂ ಅಂಗೈಗಳನ್ನು ಸ್ಟೀರಿಂಗಿನ ಮೇಲೆ ಅಗಲವಾಗಿಟ್ಟು ಎಂಜಿನ್ನಿನ ನಡುಕವನ್ನು ಆಲಿಸಿದಳು.

“ತಡಿತೈತಿ” ಎಂದಳು.